ಜಗಳ ಬಿಟ್ಟು ಬೆಟ್ಟಕ್ಕೆ ಹೋಗ್ಲಾ ಅಕ್ಕಾ?

ಪ್ರಶ್ನೆ: ಅಕ್ಕಾ, ನಮ್ದು ಕೋಲಾರದ ಹತ್ರ ಒಂದು ಹಳ್ಳಿ. ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ನಮ್ ಕಡೆ ಕೆರೆಗಳಿಗೆ ಬಿಡೋ ಕೆ.ಸಿ. ವ್ಯಾಲಿ ನೀರು ಬೇಡ ಅಂತ ನಾನು, ಅದ್ರಿಂದಾನೇ ಬದುಕಿದ್ವಿ ಅಂತ ದೊಡ್ಡಪ್ಪ, ಈಗ ಮಾತೇ ನಿಂತೋಗಿದೆ. ಅಂತರಗಂಗೆ ಬೆಟ್ಟಕ್ಕೆ ಹೋಗಿ ಒಬ್ನೇ ಸುಮ್ನೆ ಕೂತ್ಕೊಳ್ಳೋಣ ಅನ್ಸತ್ತೆ. ಇದು ಹೇಡಿತನಾನಾ?

ಉತ್ತರ: ಖಂಡಿತ ಅಲ್ಲಪ್ಪ, ಹೋಗ್ಬಾ. ನಾನೂ ಮನಸ್ಸು ಕೆಟ್ಟಾಗ ಬಿಸಿಲೇರೋಕೆ ಮುಂಚೆ ಮೆಟ್ಲು ಹತ್ತಿ, ಆ ಕಲ್ಲು ಬಸವನ ಬಾಯಿಂದ ನೀರು ಬೀಳೋದನ್ನ ನೋಡ್ತಾ ಅರ್ಧ ಗಂಟೆ ಕೂರ್ತೀನಿ, ತಲೆ ತಣ್ಣಗಾಗತ್ತೆ.

ನಿನ್ ವಾದ ತಪ್ಪಲ್ಲ, ಬೆಂಗಳೂರಿನ ಕೊಳಚೆ ನೀರನ್ನ ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿ ಕೆರೆಗೆ ಬಿಟ್ರೆ ಅದು ಇಂಗಿ ಕುಡಿಯೋ ಬೋರಿಗೂ ಸೇರ್ಬಹುದಲ್ವಾ, ಅದಕ್ಕೇ ಮೂರನೇ ಹಂತ ಬೇಕೇ ಬೇಕು ಅಂತ ನಾನೂ ಹೇಳ್ತೀನಿ, ಇದ್ರಲ್ಲಿ ರಾಜಿ ಇಲ್ಲ. ಆದ್ರೆ ದೊಡ್ಡಪ್ಪನ ಕಡೆಯಿಂದ್ಲೂ ಒಂದ್ಸಲ ನೋಡು, ಸಾವಿರ ಅಡಿ ಬೋರ್ ಕೊರೆಸಿ ಬರೀ ಧೂಳು ಬಂದಿದ್ದನ್ನ ಕಂಡೋರಿಗೆ, 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಹೋದ ಜೀವ ಬಂದಂಗಾಗಿರತ್ತೆ.

ನಮ್ಮಣ್ಣನೂ ನಾನೂ ಇದೇ ವಿಷಯಕ್ಕೆ ಮೂರು ತಿಂಗಳು ಮಾತು ಬಿಟ್ಟಿದ್ವಿ. ಒಂದಿನ ಬೆಳಗ್ಗೆ ಬಾಗಿಲು ತೆಗೆದ್ರೆ ಹೊಸ್ತಿಲ ಹತ್ರ ಒಂದು ಚೀಲ ಟೊಮೆಟೊ, ಇನ್ನೂ ಮಂಜು ಆರಿರ್ಲಿಲ್ಲ, ಅಣ್ಣ ಆಗ್ಲೇ ಬೀದಿ ತುದೀಲಿದ್ದ. ಓಡೋಗಿ ಕರ್ಕೊಂಡ್ ಬಂದು ಕಾಫಿ ಕೊಟ್ಟೆ. ಮೂರನೇ ಹಂತದ ಬಗ್ಗೆ ಇವತ್ತಿಗೂ ನಮ್ದು ಒಮ್ಮತ ಇಲ್ಲ.

ಬೆಟ್ಟ ಇಳಿದ್ಮೇಲೆ ಸೀದಾ ದೊಡ್ಡಪ್ಪನ ಮನೆಗೆ ಹೋಗು, ನೀರಿನ ಮಾತೆತ್ಬೇಡ, ಮಂಡಿ ನೋವು ಹೆಂಗಿದೆ ಅಂತ ಕೇಳು.