ಐಫೋನಲ್ಲಿ ಪೇಜ್ ಕೆಟ್ಟರೆ ಮೊದಲು ಆ ಸಫಾರಿ ಸ್ಕ್ರಿಪ್ಟ್ ತೆಗೀರಿ

ಮಾರಾಯ್ರೆ, ತೀರ್ಥಹಳ್ಳಿ ಹೋಂಸ್ಟೇ ಪೇಜು ಲ್ಯಾಪ್‌ಟಾಪ್ ಕ್ರೋಮಲ್ಲಿ ಸರಿ ಇದೆ, ಐಫೋನಲ್ಲಿ ಬುಕಿಂಗ್ ಬಟನ್ ಕಾಣಲ್ಲ, ಹೆಡಿಂಗಿನ ಒತ್ತಕ್ಷರ ಕತ್ತರಿಸಿದೆ ಅಂದಿರಿ. ಅದಕ್ಕೆ ಯೂಸರ್ ಏಜೆಂಟ್ (ಬ್ರೌಸರ್ ತಾನು ಯಾರು ಅಂತ ಹೇಳಿಕೊಳ್ಳೋ ಸಾಲು) ನೋಡಿ ಸಫಾರಿಗೆ ಬೇರೆ ಸಿಎಸ್‌ಎಸ್ (ಪೇಜ್ ಹೇಗೆ ಕಾಣಬೇಕು ಅನ್ನೋ ರೂಲುಗಳು) ಕೊಡೋ ಸ್ಕ್ರಿಪ್ಟ್ ಎಂತಕ್ಕೆ ತುರುಕಿದ್ರಿ? ಗುಂಪಿನಲ್ಲಿ ಪದೇ ಪದೇ ಕಾಣೋ ತಪ್ಪು ಇದು. ಕ್ರೋಮಿನ ಯೂಸರ್ ಏಜೆಂಟಲ್ಲೂ ಸಫಾರಿ ಅನ್ನೋ ಪದ ಇದೆ, ಎಡ್ಜಿನದರಲ್ಲೂ ಇದೆ. ನಿಮ್ಮ ಸ್ಕ್ರಿಪ್ಟಿಗೆ ಎಲ್ಲರೂ ಸಫಾರಿಯೇ.

"ಗೆಸ್ಟಿಗೆ ಕ್ರೋಮ್ ಹಾಕ್ಕೊಳಿ ಅನ್ನಿ" ಅಂತ ಮೇಲೊಬ್ಬರು ಬರೆದಿದ್ದಾರೆ. ನಮ್ಮಲ್ಲಿ ಐಫೋನಿನ ಕ್ರೋಮಿನೊಳಗೆ ಓಡೋದೂ ಸಫಾರಿಯ ಎಂಜಿನ್ ವೆಬ್‌ಕಿಟ್ಟೇ. ಏನೂ ಬದಲಾಗಲ್ಲ.

ಬಟನ್ ವಿಷಯ: ಹೀರೋ ಡಿವ್‌ಗೆ, ಅಂದ್ರೆ ಪೇಜಿನ ಮೊದಲ ದೊಡ್ಡ ಭಾಗಕ್ಕೆ, 100ವಿಎಚ್ (ಪೂರ್ತಿ ಪರದೆಯ ಎತ್ತರ) ಕೊಟ್ಟಿದ್ದೀರಿ. ಫೋನು ಅದನ್ನು ಅಡ್ರೆಸ್ ಬಾರ್ ಸರಿದ ಮೇಲಿನ ದೊಡ್ಡ ಪರದೆಗೆ ಲೆಕ್ಕ ಹಾಕುತ್ತೆ. ಬಾರ್ ಇದ್ದಾಗ ತಳದ ಬಟನ್ ಮರೆಯಾಗುತ್ತೆ. ಆಂಡ್ರಾಯ್ಡಲ್ಲೂ ಇದೇ ಕಥೆ, ನೀವು ನೋಡಿಲ್ಲ ಅಷ್ಟೇ. 100ವಿಎಚ್ ಸಾಲು ಇರಲಿ, ಅದರ ಕೆಳಗೆ 100ಡಿವಿಎಚ್ (ಆ ಕ್ಷಣಕ್ಕೆ ಕಾಣೋ ಪರದೆಯ ಎತ್ತರ) ಅಂತ ಇನ್ನೊಂದು ಹಾಕಿ. ಸಫಾರಿ 15.4ಕ್ಕಿಂತ ಹಳೆಯದಾದರೆ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ತಗೊಳ್ಳುತ್ತೆ. ಸಾಲು ಅದಲು ಬದಲಾದರೆ ವಿಎಚ್ಚೇ ಗೆಲ್ಲುತ್ತೆ, ಜೋಕೆ.

ಒತ್ತಕ್ಷರಕ್ಕೆ ಬ್ರೌಸರಿನ ತಪ್ಪಿಲ್ಲ. ಇಂಗ್ಲಿಷ್ ಟೆಂಪ್ಲೇಟಿನ ಲೈನ್-ಹೈಟ್ (ಸಾಲಿನ ಎತ್ತರ) 1.1, ಮೇಲೆ ಹೊರಚಾಚಿದ್ದನ್ನು ಕತ್ತರಿಸೋ ಓವರ್‌ಫ್ಲೋ ಹಿಡನ್. 'ತೀರ್ಥಹಳ್ಳಿ'ಯ ಳ ಒತ್ತು ಇಳಿಯೋಕೆ ಜಾಗ ಎಲ್ಲಿದೆ? ವಿಂಡೋಸಿನ ನಿರ್ಮಲಾ ಯುಐ ಫಾಂಟಲ್ಲಿ ಹೇಗೋ ಹಿಡಿಸಿತ್ತು, ಐಫೋನಿನ ಫಾಂಟ್ ಬೇರೆ. ಹಿಡನ್ ತೆಗೀರಿ, ಲೈನ್-ಹೈಟ್ 1.6 ಮಾಡಿ, ಲೆಟರ್-ಸ್ಪೇಸಿಂಗ್ ಸೊನ್ನೆ. ನೋಟೋ ಸಾನ್ಸ್ ಕನ್ನಡ ನಿಮ್ಮ ಸರ್ವರಿಂದಲೇ ಕೊಟ್ಟರೆ ಎಲ್ಲ ಕಡೆ ಒಂದೇ ಅಳತೆ. ಜೊತೆಗೆ ಫಾಂಟ್-ಡಿಸ್‌ಪ್ಲೇ ಸ್ವಾಪ್ ಮರೀಬೇಡಿ, ಇಲ್ಲಾಂದ್ರೆ ಆಗುಂಬೆ ಕಡೆ ನೆಟ್‌ವರ್ಕ್ ಸೊರಗಿದಾಗ ಮೊದಲ ಕೆಲವು ಸೆಕೆಂಡ್ ಅಕ್ಷರವೇ ಕಾಣಲ್ಲ. ನುಡಿಯ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ದನ್ನು ಮಾತ್ರ ದಯವಿಟ್ಟು ಅಂಟಿಸಬೇಡಿ, ಯೂನಿಕೋಡಿಗೆ ಬದಲಿಸಿ.

ಮುಂದೆ ಏನೇ ಕೆಟ್ಟರೂ ಸಿಎಸ್‌ಎಸ್ ತುಂಬ !ಇಂಪಾರ್ಟೆಂಟ್ (ಈ ರೂಲೇ ಗೆಲ್ಲಲಿ ಅನ್ನೋ ಗುರುತು) ಸುರಿಯೋದು ಬಿಟ್ಟು ಅರ್ಧ ಮಾಡ್ತಾ ಹೋಗಿ. ಫೈಲಿನ ನಕಲು ಮಾಡಿ, ಸಿಎಸ್‌ಎಸ್‌ನ ಕೆಳಗಿನ ಅರ್ಧ ಅಳಿಸಿ. ತೊಂದರೆ ಉಳಿದರೆ ಅದು ಮೇಲಿನ ಅರ್ಧದಲ್ಲಿದೆ, ಹೋದರೆ ಅಳಿಸಿದ್ದರಲ್ಲಿದೆ. 400 ಸಾಲಿದ್ದರೂ ಒಂಬತ್ತು ಸುತ್ತಿಗೆ ಸಾಲು ಕೈಗೆ ಸಿಗುತ್ತೆ. ಬ್ರಾಕೆಟ್ ಮುಗಿದಲ್ಲೇ ಕತ್ತರಿಸಿ, ಅರ್ಧ ರೂಲ್ ಉಳಿದರೆ ಮುಂದಿನದೂ ಕೆಡುತ್ತೆ. ಎರಡೂ ಅರ್ಧ ಬೇರೆ ಬೇರೆಯಾಗಿ ಸರಿ ಕಂಡರೆ ಎರಡು ರೂಲ್ ಸೇರಿ ಕಿತಾಪತಿ ಮಾಡ್ತಿವೆ, ಆಗ ಒಂದೊಂದಾಗಿ ತೆಗೀರಿ. ಪ್ರತಿ ಸಲ ಪೇಜಿನ ಲಿಂಕ್ ಸಾಲಲ್ಲಿ ಸ್ಟೈಲ್ ಫೈಲಿನ ಹೆಸರಿನ ಕೊನೆಗೆ ?ವಿ=2, ?ವಿ=3 ಅಂತ ಬದಲಿಸಿ, ಇಲ್ಲಾಂದ್ರೆ ಫೋನು ಹಳೇ ಕ್ಯಾಶ್ ತೋರಿಸಿ ದಾರಿ ತಪ್ಪಿಸುತ್ತೆ.

ಇದಕ್ಕೂ ಮೊದಲು ಬ್ರೌಸರಿನ ಕನ್ಸೋಲಲ್ಲಿ ಡಾಕ್ಯುಮೆಂಟ್ ಡಾಟ್ ಕಂಪ್ಯಾಟ್‌ಮೋಡ್ ನೋಡಿ. ಬ್ಯಾಕ್‌ಕಂಪ್ಯಾಟ್ ಅಂತ ಬಂದರೆ ಬ್ರೌಸರ್ ಹಳೇ ಕಾಲದ ರೂಲಲ್ಲಿ ಪೇಜ್ ತೋರಿಸ್ತಿದೆ: ಫೈಲಿನ ಮೊದಲ ಸಾಲಾದ ಡಾಕ್‌ಟೈಪ್ ಸರಿ ಇಲ್ಲ, ಅಥವಾ ಅದಕ್ಕೂ ಮುಂಚೆ ಪಿಎಚ್‌ಪಿ ಎರರ್ ಏನೋ ಉಗುಳಿದೆ. ಅದು ಸರಿಯಾಗದೆ ಬೇರೇನೂ ಮುಟ್ಟಬೇಡಿ.

ಕ್ರೋಮಿನ ಡೆವ್‌ಟೂಲ್ಸಲ್ಲಿ (ಡೆವಲಪರ್ ಪರಿಕರಗಳಲ್ಲಿ) ಐಫೋನ್ ಆರಿಸಿದರೆ ಅದು ಸಫಾರಿ ಆಗಲ್ಲ, ಕಿರಿದಾದ ಕ್ರೋಮ್ ಅಷ್ಟೇ. ಮ್ಯಾಕ್ ಇಲ್ಲದವರು ಪ್ಲೇರೈಟ್ ಅನ್ನೋ ಪರೀಕ್ಷಾ ಟೂಲಿನ ವೆಬ್‌ಕಿಟ್ ಹಾಕ್ಕೊಳಿ, ವಿಂಡೋಸಲ್ಲೂ ಓಡುತ್ತೆ. ಅಡ್ರೆಸ್ ಬಾರ್ ತರಲೆ ಅದರಲ್ಲಿ ಕಾಣಲ್ಲ, ಯಾರದ್ದಾದರೂ ಫೋನ್ ಇಸ್ಕೊಂಡೇ ನೋಡಬೇಕು. ಹಾಂ, ಬುಕಿಂಗ್ ಫಾರ್ಮಿನ ಇನ್‌ಪುಟ್ ಅಕ್ಷರ 14 ಪಿಕ್ಸೆಲ್ ಇದೆ. 16 ಮಾಡಿ, ಇಲ್ಲಾಂದ್ರೆ ಮುಟ್ಟಿದ ತಕ್ಷಣ ಐಫೋನು ಪೇಜನ್ನೇ ಝೂಮ್ ಮಾಡುತ್ತೆ.