ಓದುಗರ ಪ್ರಶ್ನೆ: ಒಂದು ‘ಆರ್’ ಕಡಿಮೆಯಾದರೆ

ಪ್ರಶ್ನೆ: ಹಿಂಜವಡಿಯ ಒಂದು ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೇನೆ. ನಾವು ಬಳಸುವ ವೆಬ್ ಫ್ರೇಮ್‌ವರ್ಕಿನ (ಜಾಲತಾಣ ಕಟ್ಟಲು ಬೇಕಾದ ಸಿದ್ಧ ಕೋಡಿನ ಚೌಕಟ್ಟು) ಹೊಸ ಆವೃತ್ತಿಯ ರಿಲೀಸ್ ನೋಟ್ಸ್ (ಏನೇನು ಬದಲಾಗಿದೆಯೆಂಬ ಟಿಪ್ಪಣಿ) ಓದುವಾಗ ಕೆಲವು ಕಾಗುಣಿತದ ತಪ್ಪುಗಳು ಕಣ್ಣಿಗೆ ಬಿದ್ದವು. ತಿದ್ದಿ ಕಳಿಸೋಣವೆಂದರೆ, ‘ಕೋಡ್ ಬರೆಯುವುದು ಬಿಟ್ಟು ಅಕ್ಷರ ತಿದ್ದುತ್ತ ಕೂರುತ್ತೀಯಾ’ ಎಂದು ಜೊತೆಯವರು ನಗುತ್ತಾರೆ. ಇದು ಬೇಕಾದ ಕೆಲಸವೇ? ಮಾಡುವುದಾದರೆ ಹೇಗೆ ಮಾಡಬೇಕು?
— ಒಬ್ಬ ಓದುಗ, ಕೋಥ್ರೂಡ್, ಪುಣೆ

ಉತ್ತರ: ಖಂಡಿತ ಬೇಕಾದ ಕೆಲಸ. ತಾವು ಫ್ರೇಮ್‌ವರ್ಕಿನ ಹೆಸರು ಬರೆದಿಲ್ಲವಾದ್ದರಿಂದ ನನಗೆ ಬಳಕೆಯಿರುವ ಜ್ಯಾಂಗೊವನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ.

ರಿಲೀಸ್ ನೋಟ್ಸನ್ನು ಯಾರೂ ಕಥೆಯಂತೆ ಓದುವುದಿಲ್ಲ. ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗುವವರು ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಬೇಕಾದ ಹೆಸರನ್ನು ಅಲ್ಲಿಂದ ಎತ್ತಿ ನೇರವಾಗಿ ತಮ್ಮ ಕಡತಕ್ಕೆ ಅಂಟಿಸುತ್ತಾರೆ. 2019ರ ಡಿಸೆಂಬರಿನಲ್ಲಿ ಬಂದ ಜ್ಯಾಂಗೊ 3.0, ‘ಸೆಕ್ಯೂರ್ ರೆಫರರ್ ಪಾಲಿಸಿ’ ಎಂಬ ಸೆಟ್ಟಿಂಗನ್ನು ಸೇರಿಸಿತು. ಬಳಕೆದಾರನು ಯಾವ ಪುಟದಿಂದ ಬಂದನೆಂಬ ವಿವರವನ್ನು ಬ್ರೌಸರು ಮುಂದಿನ ಪುಟಕ್ಕೆ ಎಷ್ಟರ ಮಟ್ಟಿಗೆ ತಿಳಿಸಬೇಕೆಂಬುದನ್ನು ಅದು ಗೊತ್ತುಮಾಡುತ್ತದೆ. ಆ ಹೆಸರಿನ ನಡುವಿನ ಪದದಲ್ಲಿ, ಇಂಗ್ಲಿಷ್ ನಿಘಂಟಿನಲ್ಲಿರುವಂತೆ, ಜೋಡಿ ‘ಆರ್’ ಇದೆ. ಅವುಗಳಲ್ಲಿ ಒಂದನ್ನು ಬಿಟ್ಟು ಬರೆದರೆ ಜ್ಯಾಂಗೊ ತಕರಾರು ಮಾಡುವುದಿಲ್ಲ, ನಿಲ್ಲುವುದೂ ಇಲ್ಲ. ತನಗೆ ಗುರುತಿಲ್ಲದ ಹೆಸರನ್ನು ಅದರ ಪಾಡಿಗೆ ಬಿಟ್ಟು, ಮೊದಲೇ ಇರುವ ಬೆಲೆಯನ್ನು ಇಟ್ಟುಕೊಂಡು ಮುಂದುವರಿಯುತ್ತದೆ. ಬರೆದವನು ಮಾತ್ರ ತನ್ನ ಸಾಲು ಕೆಲಸ ಮಾಡುತ್ತಿದೆಯೆಂದೇ ನಂಬಿಕೊಂಡಿರುತ್ತಾನೆ. ತಮ್ಮ ಜೊತೆಯವರಿಗೆ ಇದೊಂದನ್ನು ತೋರಿಸಿದರೆ ನಗು ನಿಂತೀತು.

ಆದರೆ ಇದೇ ಪದ ತಿದ್ದುವವನನ್ನೂ ಕೆಡವಬಲ್ಲದು. ಬ್ರೌಸರೂ ಸರ್ವರೂ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಯಲ್ಲಿ ಇದೇ ವಿವರವನ್ನು ಹೊತ್ತು ತರುವ ಹೆಡರಿನ (ಕೋರಿಕೆಯ ತಲೆಯಲ್ಲಿ ಬರೆದು ಕಳಿಸುವ ಸಾಲಿನ) ಹೆಸರಿನಲ್ಲಿ ನಡುವೆ ಒಂದೇ ‘ಆರ್’ ಇದೆ. ಮೂಲದಲ್ಲಿ ಅದು ಶುದ್ಧ ಕಾಗುಣಿತದ ತಪ್ಪೇ. 1996ರ ಎಚ್‌ಟಿಟಿಪಿ 1.0 ದಾಖಲೆಯಲ್ಲಿ ಹಾಗೆಯೇ ಸೇರಿಕೊಂಡು, ಜಗತ್ತಿನ ಬ್ರೌಸರುಗಳೂ ಸರ್ವರುಗಳೂ ಅದನ್ನೇ ಹಿಡಿದದ್ದರಿಂದ ಈಗ ಆ ತಪ್ಪೇ ಸರಿಯಾದ ರೂಪ. ಹೀಗಾಗಿ ಒಂದೇ ಪುಟದಲ್ಲಿ ಒಂದು ಹೆಸರು ಒಂಟಿ ‘ಆರ್’ನಿಂದಲೂ ಇನ್ನೊಂದು ಜೋಡಿ ‘ಆರ್’ನಿಂದಲೂ ಬಂದಿದ್ದರೆ ಎರಡೂ ಸರಿಯಿರಬಹುದು. ನಮ್ಮ ಮುಂಬೈಯ ಮಧ್ಯ ರೈಲ್ವೆಯ ಫಲಕದಲ್ಲಿ ಇಂಗ್ಲಿಷಿನವರ ‘ಸಾಯನ್’ ಮರಾಠಿಯಲ್ಲಿ ‘ಶೀವ್’ ಆಗಿರುವುದನ್ನು ನೋಡಿ ಬಣ್ಣದ ಡಬ್ಬಿ ಹಿಡಿದು ಹೊರಡುವವರು ಯಾರೂ ಇಲ್ಲವಷ್ಟೆ. ಆದ್ದರಿಂದ ಸಂಶಯದ ಪದ ಬರಿಯ ವಾಕ್ಯದಲ್ಲಿದೆಯೋ, ಕೋಡಿನ ಹೆಸರೋ ಎಂಬುದನ್ನು ಮೊದಲು ನೋಡಬೇಕು. ಹೆಸರಾದರೆ ನಿಘಂಟನ್ನು ಬದಿಗಿಟ್ಟು ಮೂಲ ಕೋಡಿನಲ್ಲಿ ಹೇಗಿದೆಯೆಂದು ಹುಡುಕಬೇಕು.

ಜ್ಯಾಂಗೊದ ದಾಖಲೆಗಳನ್ನು ಸ್ಫಿಂಕ್ಸ್ ಎಂಬ ತಂತ್ರಾಂಶದಿಂದ ಕಟ್ಟುತ್ತಾರೆ. ದಾಖಲೆಗಳ ಕೋಶದಲ್ಲಿ ‘ಮೇಕ್ ಸ್ಪೆಲ್ಲಿಂಗ್’ ಎಂಬ ಆಜ್ಞೆ ಕೊಟ್ಟರೆ ಕಾಗುಣಿತದ ಪರೀಕ್ಷೆ ನಡೆಯುತ್ತದೆ, ಮತ್ತು ನಿಘಂಟಿನಲ್ಲಿಲ್ಲದ ಪಾರಿಭಾಷಿಕ ಪದಗಳಿಗೆ ಬೇರೆಯೇ ಒಂದು ಪಟ್ಟಿಯಿದೆ. ಈ ಪರೀಕ್ಷೆ ಕೋಡೆಂದು ಗುರುತು ಹಾಕಿದ ಪದಗಳನ್ನು ಮುಟ್ಟುವುದಿಲ್ಲ. ಮೇಲೆ ಹೇಳಿದ ಸೆಟ್ಟಿಂಗಿನಂಥ ಹೆಸರುಗಳು ಇರುವುದೇ ಅಲ್ಲಿ. ‘ಫ್ರಂ’ ಇರಬೇಕಾದ ಕಡೆ ‘ಫಾರ್ಮ್’ ಎಂದಿದ್ದರೂ ಅದಕ್ಕೆ ತಿಳಿಯದು, ಏಕೆಂದರೆ ಎರಡೂ ನಿಘಂಟಿನ ಪದಗಳು. ಹಳೆಯ ಅಚ್ಚುಕೂಟದಲ್ಲಿ ಕರಡು ತಿದ್ದುವವರು ಮಾಡುತ್ತಿದ್ದಂತೆ ಬೆರಳಿಟ್ಟು ಓದುವುದೇ ಇದಕ್ಕೆ ಉಪಾಯ.

ಮೂಲ ಕಡತದಲ್ಲಿ ತಲೆಬರಹದ ಕೆಳಗೆ ಚಿಹ್ನೆಗಳನ್ನು ಸಾಲಾಗಿ ಒತ್ತಿದ ಗೆರೆಯಿರುತ್ತದೆ. ತಲೆಬರಹದಲ್ಲಿ ಅಕ್ಷರ ಸೇರಿಸಿದರೆ ಆ ಗೆರೆಯನ್ನೂ ಅಷ್ಟೇ ಉದ್ದ ಮಾಡಬೇಕು. ಗೆರೆ ಒಂದು ಚಿಹ್ನೆಯಷ್ಟು ಗಿಡ್ಡವಾದರೂ ಸ್ಫಿಂಕ್ಸ್ ಎಚ್ಚರಿಕೆ ಕೊಡುತ್ತದೆ. ತಲೆಬರಹದಿಂದಲೇ ಆ ಭಾಗದ ಕೊಂಡಿ ಹುಟ್ಟುವುದರಿಂದ, ತಲೆಬರಹ ಬದಲಾದರೆ ಬೇರೆಯವರು ಉಳಿಸಿಕೊಂಡ ಹಳೆಯ ಕೊಂಡಿ ಅಲ್ಲಿಗೆ ತಲುಪದೆ ಹೋಗಬಹುದು ಎಂಬುದೂ ನೆನಪಿರಲಿ.

ಕಳಿಸುವ ಕ್ರಮ ಸುಲಭ. ಇಂಥ ಸಣ್ಣ ತಿದ್ದುಪಡಿಗೆ ಜ್ಯಾಂಗೊದಲ್ಲಿ ಟಿಕೆಟ್ (ದೋಷವನ್ನು ದಾಖಲಿಸುವ ದೂರು) ತೆರೆಯಬೇಕಿಲ್ಲ. ‘ಮೇನ್’ ಶಾಖೆಗೆ, ಅಂದರೆ ಕೋಡಿನ ಮುಖ್ಯ ಪ್ರತಿಗೆ, ಕಳಿಸಿದರೆ ಸಾಕು, ಬಿಡುಗಡೆಯಾದ ಆವೃತ್ತಿಯ ಶಾಖೆಗೆ ಅದನ್ನು ಒಯ್ಯುವ ಕೆಲಸವನ್ನು ಒಪ್ಪಿಗೆ ಕೊಡುವವರು ನೋಡಿಕೊಳ್ಳುತ್ತಾರೆ. ಕಮಿಟ್ ಸಂದೇಶವನ್ನು (ತಿದ್ದುಪಡಿಯ ಜೊತೆಗೆ ಬರೆಯುವ ಕಿರು ವಿವರಣೆ) ಭೂತಕಾಲದಲ್ಲಿ ಬರೆದು ಕೊನೆಗೆ ಪೂರ್ಣವಿರಾಮ ಇಡುವುದು ಅಲ್ಲಿಯ ಪದ್ಧತಿ. ನಾವು ಶಾಲೆಯಲ್ಲಿ ಕಲಿತ, ‘ಯು’ ಅಕ್ಷರವಿರುವ ‘ಕಲರ್’ ಅಲ್ಲಿ ನಡೆಯುವುದಿಲ್ಲ. ಅವರದು ಅಮೆರಿಕನ್ ಕಾಗುಣಿತ. ಹಾಗೆಯೇ, ನಾಲ್ಕು ಅಕ್ಷರ ತಿದ್ದುವ ನೆಪದಲ್ಲಿ ಬೇರೊಬ್ಬರ ವಾಕ್ಯಗಳನ್ನು ತಮ್ಮ ರುಚಿಗೆ ಹೊಂದಿಸಿ ಅದರೊಳಗೇ ಸೇರಿಸಬೇಡಿ. ತಪ್ಪನ್ನು ನೋಡಿದೊಡನೆ ಒಪ್ಪಬಹುದು, ರುಚಿಯನ್ನು ಚರ್ಚಿಸಬೇಕಾಗುತ್ತದೆ. ಎರಡೂ ಬೆರೆತರೆ ತಪ್ಪು ತಿದ್ದುವುದೂ ತಡವಾಗುತ್ತದೆ.

ಪ್ರಶ್ನೆ: ‘ಜ್ಯಾಂಗೊ’ ಹೆಸರನ್ನು ಇಂಗ್ಲಿಷಿನಲ್ಲಿ ‘ಡಿ’ ಅಕ್ಷರದಿಂದ ಆರಂಭಿಸುತ್ತಾರೆ. ಇದೂ ಕಾಗುಣಿತದ ತಪ್ಪೇ?
— ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಅಲ್ಲ. 2005ರಲ್ಲಿ ಸಾರ್ವಜನಿಕರಿಗೆ ಬಿಡುಗಡೆಯಾದ ಈ ಫ್ರೇಮ್‌ವರ್ಕಿಗೆ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಅವರ ಹೆಸರನ್ನಿಟ್ಟಿದ್ದಾರೆ, ಮತ್ತು ಆ ‘ಡಿ’ಯನ್ನು ಉಚ್ಚರಿಸುವುದಿಲ್ಲ. ‘ಡಿಜಾಂಗೊ’ ಎಂದು ಬರೆದು ಬರುವ ಪತ್ರಗಳನ್ನು ನಾವು ತಿದ್ದಿಯೇ ಅಚ್ಚಿಗೆ ಕೊಡುತ್ತೇವೆ.