ಓದುಗರ ಪ್ರಶ್ನೆ: ಹಳೆಯ ಆಂಪ್ಲಿಫೈಯರಿಗೆ ಯಾವ ಸ್ಟ್ರೀಮರ್?

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಮತ್ತು ಒಂದು ಜೊತೆ ಸ್ಪೀಕರ್ ಇವೆ, ಆಂಪ್ಲಿಫೈಯರಿಗೆ ಡಿಜಿಟಲ್ ಇನ್‌ಪುಟ್ ಇಲ್ಲ. ಕರ್ನಾಟಕ ಸಂಗೀತದ ಸುಮಾರು 400 ಸಿ.ಡಿ.ಗಳನ್ನು ಗುಣಮಟ್ಟ ಕಳೆಯದೆ ಕುಗ್ಗಿಸಿದ ಫ್ಲ್ಯಾಕ್ ಫೈಲುಗಳಾಗಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡಿದ್ದೇನೆ. ನಾವೆಲ್ಲ ಬಳಸುವುದು ಆಂಡ್ರಾಯ್ಡ್ ಫೋನ್. ಫೈಲುಗಳನ್ನೂ ಅಂತರಜಾಲದ ಸಂಗೀತವನ್ನೂ ಆಂಪ್ಲಿಫೈಯರಿಗೆ ಕಳಿಸುವ ವೀಮ್ ಕಂಪನಿಯ ಸ್ಟ್ರೀಮರುಗಳಾದ ಪ್ರೊ, ಪ್ರೊ ಪ್ಲಸ್, ಅಲ್ಟ್ರಾ ಇವುಗಳಲ್ಲಿ ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ತಮ್ಮ ಸಂಗೀತವೆಲ್ಲ ಮನೆಯ ಹಾರ್ಡ್ ಡಿಸ್ಕಿನಲ್ಲಿಯೇ ಇರುವುದರಿಂದ ಆಯ್ಕೆ ಅಲ್ಲಿಂದಲೇ ಆರಂಭವಾಗಬೇಕು. ವಿದೇಶಿ ವಿಮರ್ಶೆಗಳು ಟೈಡಲ್, ಕೋಬಜ್ ಎಂಬ ಅಂತರಜಾಲ ಸಂಗೀತ ಸೇವೆಗಳನ್ನು ಮುಂದಿಟ್ಟುಕೊಂಡು ಸ್ಟ್ರೀಮರುಗಳನ್ನು ತೂಗುತ್ತವೆ. ಅವೆರಡೂ ಭಾರತದಲ್ಲಿ ಅಧಿಕೃತವಾಗಿ ದೊರೆಯದ ಕಾರಣ ಆ ಹೋಲಿಕೆಯ ಬಹುಭಾಗ ತಮಗೆ ಅನ್ವಯಿಸುವುದಿಲ್ಲ.

ಪ್ರೊ ಮತ್ತು ಪ್ರೊ ಪ್ಲಸ್ ನಡುವಿನ ಮುಖ್ಯ ವ್ಯತ್ಯಾಸವಿರುವುದು ಡಿಜಿಟಲ್ ಸಂಕೇತವನ್ನು ಅನಲಾಗ್ ಆಗಿಸುವ ಡ್ಯಾಕ್ ಚಿಪ್ಪಿನಲ್ಲಿ. ತಮ್ಮ ಆಂಪ್ಲಿಫೈಯರಿಗೆ ಅನಲಾಗ್ ಸಂಕೇತವನ್ನೇ ಕೊಡಬೇಕಾಗಿರುವುದರಿಂದ ಪ್ಲಸ್‌ಗೆ ತೆರುವ ಹೆಚ್ಚಿನ ಹಣಕ್ಕೆ ಅರ್ಥವಿದೆ. ಆದರೆ ಇವೆರಡರಲ್ಲೂ ಡಿಸ್ಕ್ ಚುಚ್ಚಲು ಯುಎಸ್‌ಬಿ ಕಿಂಡಿಯಿಲ್ಲ. ಮನೆಯ ಜಾಲದಲ್ಲಿ ಇನ್ನೊಂದು ಕಂಪ್ಯೂಟರನ್ನೋ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನೋ ಫೈಲುಗಳನ್ನು ಒದಗಿಸುವ ಸರ್ವರ್ ಆಗಿ ಸದಾ ಚಾಲೂ ಇಡಬೇಕಾಗುತ್ತದೆ. 2024ರಲ್ಲಿ ಬಂದ ಅಲ್ಟ್ರಾದಲ್ಲಿ ಆ ಕಿಂಡಿ ಇದೆ. ಅದರಲ್ಲಿ ಆಪಲ್ ಸಾಧನಗಳಿಂದ ಸಂಗೀತ ಕಳಿಸುವ ಏರ್‌ಪ್ಲೇ ಸೌಲಭ್ಯ ಇಲ್ಲದಿರುವುದು ಐಫೋನ್ ಬಳಸುವವರಿಗೆ ದೊಡ್ಡ ಕೊರತೆಯಾದರೂ ತಮಗೆ ತೊಡಕಾಗದು. ಸರ್ವರಿನ ಉಸಾಬರಿ ಬೇಡವೆನ್ನುವುದಾದರೆ ನನ್ನ ಸಲಹೆ ಅಲ್ಟ್ರಾ. ಗಂಟೆಗೆ ಸುಮಾರು 635 ಎಂ.ಬಿ. ಬೇಡುವ ಸಿ.ಡಿ. ಸಂಗೀತ ಫ್ಲ್ಯಾಕ್‌ನಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದರಿಂದ ತಮ್ಮ ಇಡೀ ಸಂಗ್ರಹ 256 ಜಿ.ಬಿ.ಯ ಒಂದು ಪೆನ್ ಡ್ರೈವಿನಲ್ಲಿ ಹಿಡಿಸುವ ಸಂಭವವೇ ಹೆಚ್ಚು.

ಹಣ ಕೊಡುವ ಮುನ್ನ ಒಂದು ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ. ರಾಗ–ತಾನ–ಪಲ್ಲವಿಯ ಸಿ.ಡಿ.ಗಳಲ್ಲಿ ಆಲಾಪನೆ, ತಾನ, ಪಲ್ಲವಿ, ತನಿ ಆವರ್ತನಗಳು ಬೇರೆ ಬೇರೆ ಟ್ರ್ಯಾಕುಗಳಾಗಿದ್ದರೂ ಹಿಂದಿನ ತಂಬೂರಿಯ ಶ್ರುತಿ ಒಂದೇ ಎಳೆಯಾಗಿ ಸಾಗುತ್ತಿರುತ್ತದೆ. ಟ್ರ್ಯಾಕಿನಿಂದ ಟ್ರ್ಯಾಕಿಗೆ ಬಿಡುವಿಲ್ಲದೆ ದಾಟಲಾರದ ಸಾಧನದಲ್ಲಿ ಆ ಶ್ರುತಿ ಅರೆಕ್ಷಣ ಕಡಿದುಹೋಗುತ್ತದೆ. ಕಛೇರಿಯಲ್ಲಿ ಮುಳುಗಿರುವ ಕಿವಿಗೆ ಅದಕ್ಕಿಂತ ದೊಡ್ಡ ಹಿಂಸೆಯಿಲ್ಲ. ಮೂರು ಮಿನಿಟಿನ ಹಾಡುಗಳನ್ನು ಕೇಳುವವರಿಗೆ ಗೋಚರಿಸದ ಈ ದೋಷ ನಮ್ಮ ಸಂಗೀತದಲ್ಲಿ ಎದ್ದು ಕಾಣುತ್ತದೆ. ಒಂದೇ ಸಾಧನ ಡಿಸ್ಕಿನಿಂದ ಸರಿಯಾಗಿ ನುಡಿಸಿ, ಫೋನಿನಿಂದ ಕಳಿಸಿದಾಗ ಎಡವುವುದೂ ಉಂಟು. ಅಂಗಡಿಗೆ ಅಂತಹ ಒಂದು ಸಿ.ಡಿ.ಯ ಫೈಲುಗಳನ್ನು ಪೆನ್ ಡ್ರೈವಿನಲ್ಲಿ ಒಯ್ದು, ತಾವು ಮನೆಯಲ್ಲಿ ಬಳಸಲಿರುವ ಮಾರ್ಗದಲ್ಲೇ ನುಡಿಸಿ ಕೇಳಿ.

ಪ್ರಶ್ನೆ: ನನ್ನ ಆಂಪ್ಲಿಫೈಯರಿನಲ್ಲಿ ಒಳ್ಳೆಯ ಡ್ಯಾಕ್ ಇದ್ದು, ಆಪ್ಟಿಕಲ್ ಇನ್‌ಪುಟ್ ಕೂಡ ಇದೆ. ಆದರೂ ದುಬಾರಿ ಸ್ಟ್ರೀಮರ್ ಬೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೇಡ. ಆಪ್ಟಿಕಲ್ ತಂತಿಯಲ್ಲಿ ಹೋಗುವುದು ಅಂಕಿಗಳು ಮಾತ್ರ. ಸ್ಟ್ರೀಮರಿನೊಳಗಿನ ಡ್ಯಾಕ್ ಆಗ ಕೆಲಸಕ್ಕೇ ಬರುವುದಿಲ್ಲ. ಪ್ರೊ ಸಾಕು. ಸ್ಟ್ರೀಮರಿನ ವಾಲ್ಯೂಮನ್ನು ಪೂರ್ಣಕ್ಕೆ ನಿಲ್ಲಿಸಿ, ಈಕ್ವಲೈಜರನ್ನು ಬಂದ್ ಮಾಡಿದರೆ 16 ಬಿಟ್, 44.1 ಕಿಲೋಹರ್ಟ್ಜ್‌ನ ಸಿ.ಡಿ. ಸಂಗೀತ ಬದಲಾಗದೆ ತಮ್ಮ ಡ್ಯಾಕನ್ನು ತಲುಪುತ್ತದೆ. ಉಳಿದ ಹಣವನ್ನು ಸ್ಪೀಕರುಗಳಿಗಾಗಿ ಕಾದಿರಿಸಿ.

ಪ್ರಶ್ನೆ: ಅಮೆರಿಕದಿಂದ ಮಗ ತಂದುಕೊಟ್ಟಿದ್ದ ಸ್ಕ್ವೀಜ್‌ಬಾಕ್ಸ್ ಎಂಬ ಹಳೆಯ ಸ್ಟ್ರೀಮರ್ ಕಪಾಟಿನಲ್ಲಿದೆ. ಅದನ್ನು ಗುಜರಿಗೆ ಹಾಕಬೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ಹಾಕಬೇಡಿ. ಲಾಜಿಟೆಕ್ ಕಂಪನಿ 2012ರಲ್ಲಿ ಈ ಸಾಧನಗಳನ್ನು ಕೈಬಿಟ್ಟಿತು. ಅವುಗಳ ಅಂತರಜಾಲ ಸೇವೆಯೂ 2024ರಲ್ಲಿ ನಿಂತಿತು. ಆದರೆ ಅದರ ಸರ್ವರ್ ತಂತ್ರಾಂಶ ಮುಕ್ತವಾಗಿದ್ದುದರಿಂದ ಬಳಕೆದಾರರೇ ಅದನ್ನು ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಹೆಸರಿನಲ್ಲಿ ಬೆಳೆಸುತ್ತಿದ್ದಾರೆ. ಮನೆಯ ಯಾವುದಾದರೂ ಕಂಪ್ಯೂಟರಿನಲ್ಲಿ ಅದನ್ನು ಸ್ಥಾಪಿಸಿ, ಸಂಗೀತವಿರುವ ಫೋಲ್ಡರನ್ನು ತೋರಿಸಿ, ಸ್ಕ್ವೀಜ್‌ಬಾಕ್ಸನ್ನು ಅದೇ ರೂಟರಿಗೆ ಜೋಡಿಸಿ.